ಸಂಜೆ ಆರೂವರೆಯ ಬೆಣ್ಣೆಹಣ್ಣು

ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಒಂದು ಟೆಕ್ಸ್-ಮೆಕ್ಸ್ (ಟೆಕ್ಸಸ್ ಮತ್ತು ಮೆಕ್ಸಿಕೊ ಶೈಲಿ ಬೆರೆತ ಅಡುಗೆಯ) ಹೋಟೆಲಿನಲ್ಲಿ ತಣ್ಣನೆಯ ತಿನಿಸುಗಳ ಜವಾಬ್ದಾರಿ ನನ್ನ ಕೈಗೆ ಬಂದ ಮೊದಲ ವರ್ಷದ ಮಾತಿದು. ಒಂದು ಶುಕ್ರವಾರ ಸಂಜೆ ಆರೂವರೆಗೆ 60 ಜನರ ಕೂಟವಿತ್ತು. ಫಹೀಟಾ (ಸುಟ್ಟ ಮಾಂಸದ ಪಟ್ಟಿಗಳು) ಮತ್ತು ಎಂಚಿಲಾಡಗಳ (ಹೂರಣ ಸುತ್ತಿದ ಮೆಕ್ಕೆಜೋಳದ ರೊಟ್ಟಿಗಳು) ಪಕ್ಕದಲ್ಲಿ ಪ್ರತಿಯೊಬ್ಬರಿಗೂ ಹೂರಣ ತುಂಬಿದ ಅರ್ಧ ಅವಕಾಡೊ, ಅಂದರೆ ಬೆಣ್ಣೆಹಣ್ಣು, ಕೊಡಬೇಕಿತ್ತು. ಕೊನೆಯ ಗಳಿಗೆಯ ಗಡಿಬಿಡಿ ಬೇಡವೆಂದು ನಾನು ನಾಲ್ಕು ಗಂಟೆಗೇ 30 ಹಣ್ಣುಗಳನ್ನು ಸೀಳಿ, ಬೀಜ ತೆಗೆದು, ಹೂರಣ ತುಂಬಿ, ತಟ್ಟೆಗಳಲ್ಲಿ ಜೋಡಿಸಿ ಕೂಲರಿನಲ್ಲಿ ಇಟ್ಟಿದ್ದೆ. ಆರೂವರೆಗೆ ಹೊರತೆಗೆದಾಗ ಅಂಚುಗಳು ಕಂದಾಗಿದ್ದವು, ಗುಳಿಗಳ ತಳದಲ್ಲಿ ಟೊಮೆಟೊದ ನೀರು ನಿಂತಿತ್ತು. ಕೆಲವು ಹಣ್ಣುಗಳು ಇನ್ನೂ ಗಟ್ಟಿಯೆಂದು ಸೀಳುವಾಗಲೇ ತಿಳಿದಿತ್ತು, ಆದರೆ ಬದಲಿಗೆ ಬೇರೆ ಹಣ್ಣು ಇರಲಿಲ್ಲ. ಹಾಗೆಯೇ ಕಳುಹಿಸಿದೆವು. ಅವುಗಳಲ್ಲಿ 20ಕ್ಕೂ ಹೆಚ್ಚು ಒಂದೆರಡು ಚಮಚದ ಗುರುತಿನೊಂದಿಗೆ ಮರಳಿ ಬಂದವು.

ಅಡುಗೆಮನೆಯ ಹಿರಿಯರು, ಮೆಕ್ಸಿಕೊ ಗಡಿಯ ಊರಾದ ಲರೇಡೊ ಕಡೆಯವರು, ಮರಳಿ ಬಂದ ಒಂದು ತಟ್ಟೆಯನ್ನು ಬಾಗಿಸಿ, ಹರಿದ ನೀರನ್ನು ನನಗೆ ತೋರಿಸಿದರು. ಗದರಲಿಲ್ಲ. "ಮಿಹೊ, ಇದಕ್ಕೆ ಉಪ್ಪು ಎಷ್ಟು ಗಂಟೆಗೆ ಹಾಕಿದೆ?" ಎಂದಷ್ಟೇ ಕೇಳಿದರು. ಮಿಹೊ ಎಂದರೆ 'ಮಗನೇ' ಎಂದರ್ಥ. ಮೂರು ಗಂಟೆಗೆ ಎಂದು ಉತ್ತರಿಸುವಾಗಲೇ ತಪ್ಪಿನ ಅರ್ಧ ಭಾಗ ನನಗೆ ಹೊಳೆದಿತ್ತು.

ಟೆಕ್ಸ್-ಮೆಕ್ಸ್ ಊಟದಲ್ಲಿ ಈ ತಿನಿಸಿನ ಸ್ಥಾನ ತಿಳಿದರೆ ತಪ್ಪಿನ ತೂಕವೂ ತಿಳಿಯುತ್ತದೆ. ಇಲ್ಲಿನ ಎಂಚಿಲಾಡದ ಮೇಲೆ ಒಣಮೆಣಸಿನಕಾಯಿಯ ದಪ್ಪ ಗ್ರೇವಿ ಮತ್ತು ಕರಗಿದ ಹಳದಿ ಚೀಸ್ ಇರುತ್ತವೆ. ಫಹೀಟಾದ ಮಾಂಸ ಕಾದ ಕಬ್ಬಿಣದ ತಟ್ಟೆಯಲ್ಲಿ ಸಿಡಿಯುತ್ತಲೇ ಮೇಜಿಗೆ ಬರುತ್ತದೆ. ಇವೆರಡರ ನಡುವೆ ನಾಲಿಗೆಗೆ ತಂಪಾದ, ಜಿಡ್ಡುಳ್ಳ, ಹುಳಿ ಬೆರೆತ ಒಂದು ತುತ್ತು ಬೇಕಾಗುತ್ತದೆ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದಲೇ ಬಾಯಿ ಉರಿದವರು ನೀರಿನ ಲೋಟಕ್ಕಿಂತ ಮೊದಲು ಅವಕಾಡೊ ಕಡೆಗೆ ಕೈಚಾಚುವುದು ಸರಿಯಾದ ನಡೆ. ನೀರು ನಿಂತ, ಕಂದಾದ, ಗಟ್ಟಿಯಾದ ಹಣ್ಣನ್ನು ಕೊಟ್ಟಾಗ ನಾನು ಕೆಡಿಸಿದ್ದು ಪಕ್ಕದ ತಿನಿಸನ್ನು ಮಾತ್ರವಲ್ಲ, ಇಡೀ ತಟ್ಟೆಯನ್ನು.

ನೀರಿಗೆ ಕಾರಣ ಉಪ್ಪು. ಉಪ್ಪಿನಕಾಯಿ ಹಾಕಿದವರಿಗೆಲ್ಲ ಗೊತ್ತಿರುವ ಸಂಗತಿಯೇ ಇಲ್ಲಿಯೂ ನಡೆಯುತ್ತದೆ: ಹೆಚ್ಚಿದ ಟೊಮೆಟೊ ಮತ್ತು ಈರುಳ್ಳಿಗೆ ಉಪ್ಪು ತಾಗಿದ ಕೂಡಲೇ ಅವುಗಳ ಒಳಗಿನ ನೀರು ಹೊರಬರತೊಡಗುತ್ತದೆ. ಕಂದು ಬಣ್ಣದ ಕಾರಣ ಬೇರೆ. ಹಣ್ಣನ್ನು ಸೀಳಿದಾಗ ಒಡೆದ ಜೀವಕೋಶಗಳಲ್ಲಿರುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಗಾಳಿಯ ಆಮ್ಲಜನಕದ ಜೊತೆ ಸೇರಿ ತಿರುಳನ್ನು ಕಂದಾಗಿಸುತ್ತದೆ. ನಿಂಬೆರಸದ ಆಮ್ಲ ಅದರ ವೇಗವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ಬೀಜವನ್ನು ಜೊತೆಯಲ್ಲಿಟ್ಟರೆ ಬಣ್ಣ ಕೆಡುವುದಿಲ್ಲವೆಂಬ ನಂಬಿಕೆ ಅನೇಕ ಅಡುಗೆಮನೆಗಳಲ್ಲಿದೆ. ಬೀಜ ತಾನು ಮುಚ್ಚಿದ ಜಾಗವನ್ನಷ್ಟೇ ಗಾಳಿಯಿಂದ ಕಾಯುತ್ತದೆ, ಉಳಿದ ಭಾಗಕ್ಕೆ ಅದರಿಂದ ಉಪಯೋಗವಿಲ್ಲ.

ಇನ್ನರ್ಧ ತಪ್ಪು ಶುಕ್ರವಾರದ್ದಲ್ಲ, ಆ ವಾರದ ಸೋಮವಾರದ್ದು. ಅವಕಾಡೊ ಮರದಲ್ಲಿ ಬಲಿಯುತ್ತದೆ, ಆದರೆ ಹಣ್ಣಾಗುವುದು ಕೊಯ್ದ ಮೇಲೆಯೇ. ನಮಗೆ ಬರುವ ಹ್ಯಾಸ್ ತಳಿಯ ಕಾಯಿಗಳು ಬಹುಪಾಲು ಮೆಕ್ಸಿಕೊದ ಮಿಚೊಆಕಾನ್ ರಾಜ್ಯದವು. ಅವು ಟ್ರಕ್ಕುಗಳಲ್ಲಿ ಗಡಿ ದಾಟಿ, ಕಲ್ಲಿನಷ್ಟು ಗಟ್ಟಿಯಾಗಿ ನಮ್ಮ ಹಿಂಬಾಗಿಲಿಗೆ ಬರುತ್ತವೆ. ಕೀಟಗಳ ಭಯದಿಂದ 1914ರಲ್ಲಿ ಮೆಕ್ಸಿಕೊದ ಅವಕಾಡೊಗಳನ್ನು ತಡೆದಿದ್ದ ಅಮೆರಿಕ, 1997ರಲ್ಲಿ ಕೆಲವು ರಾಜ್ಯಗಳಿಗೆ ಬಾಗಿಲು ತೆರೆಯಿತು. 25 ಪೌಂಡಿನ ಪೆಟ್ಟಿಗೆಯ ಮೇಲೆ 48 ಎಂದು ಬರೆದಿದ್ದರೆ ಅದರಲ್ಲಿ 48 ಕಾಯಿಗಳಿವೆ ಎಂದರ್ಥ, ಅಂದರೆ ಒಂದೊಂದೂ ಸುಮಾರು ಅರ್ಧ ಪೌಂಡು. ತುಂಬಲು ಈ ಗಾತ್ರವೇ ಸರಿ ಎಂಬುದು ನನ್ನ ಅನುಭವ. ಇದಕ್ಕಿಂತ ದೊಡ್ಡದಾದರೆ ಪಕ್ಕದ ತಿನಿಸು ಊಟವೇ ಆಗಿಬಿಡುತ್ತದೆ, ಚಿಕ್ಕದಾದರೆ ಗುಳಿಯಲ್ಲಿ ಹೂರಣ ನಿಲ್ಲುವುದಿಲ್ಲ.

ಈಗ ನಾನು ಕೂಟದ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ. ಶುಕ್ರವಾರಕ್ಕೆ ಬೇಕಾದ ಕಾಯಿ ಸೋಮವಾರವೇ ಬರಬೇಕು, ಬೇಕಾದುದಕ್ಕಿಂತ ಐದಾರು ಹೆಚ್ಚೇ ಬರಬೇಕು. ಅವು ಅಡುಗೆಮನೆಯ ಬಿಸಿಯಿಂದ ದೂರ, ಸುಮಾರು 20 ಡಿಗ್ರಿ ಸೆಲ್ಸಿಯಸ್ಸಿನ ಉಗ್ರಾಣದಲ್ಲಿ ಹಣ್ಣಾಗುತ್ತವೆ. ಗಟ್ಟಿ ಕಾಯಿಯನ್ನು ಕೂಲರಿಗೆ ಹಾಕಿದರೆ ಚಳಿ ತಾಗಿ ತಿರುಳಿನಲ್ಲಿ ಕಪ್ಪು ಎಳೆಗಳು ಮೂಡುವ ಅಪಾಯವಿದೆ, ಆದ್ದರಿಂದ ಹಣ್ಣಾದವು ಮಾತ್ರ ಅಲ್ಲಿಗೆ ಹೋಗುತ್ತವೆ. ಹಿಂದೆ ಬಿದ್ದವನ್ನು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡುತ್ತೇನೆ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಅವುಗಳನ್ನು ಬೇಗ ಹಣ್ಣಾಗಿಸುತ್ತದೆ. ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಬಾರದು, ಒತ್ತಿದ ಕಡೆ ಕಪ್ಪು ಕಲೆ ಬೀಳುತ್ತದೆ. ಅಂಗೈಯಲ್ಲಿ ಹಿಡಿದು ಮೆಲ್ಲನೆ ಅಮುಕಿದರೆ ಸಾಕು.

ಹೂರಣವನ್ನು ಬೆಳಿಗ್ಗೆಯೇ ಸಿದ್ಧಪಡಿಸುತ್ತೇನೆ, ಆದರೆ ಬಿಡಿಬಿಡಿಯಾಗಿ. 40 ಅರ್ಧಗಳಿಗೆ ಬೇಯಿಸಿ ಚೆನ್ನಾಗಿ ಬಸಿದ ಕಪ್ಪು ಬೀನ್ಸ್ 3 ಬಟ್ಟಲು, ಕಾವಲಿಯ ಮೇಲೆ ಅಲ್ಲಲ್ಲಿ ಕಪ್ಪಾಗುವಂತೆ ಹುರಿದ ಮೆಕ್ಕೆಜೋಳ ಎರಡೂವರೆ ಬಟ್ಟಲು, ಬೀಜ ಮತ್ತು ರಸ ತೆಗೆದು ಸಣ್ಣಗೆ ಹೆಚ್ಚಿದ ಟೊಮೆಟೊ ಒಂದೂವರೆ ಬಟ್ಟಲು, ಈರುಳ್ಳಿ ಮುಕ್ಕಾಲು ಬಟ್ಟಲು, ಹಾಲಪೆನ್ಯೊ ಮೆಣಸಿನಕಾಯಿ 3, ಒಂದು ಹಿಡಿ ಕೊತ್ತಂಬರಿ ಸೊಪ್ಪು ಮತ್ತು ಹುರಿದು ಪುಡಿಮಾಡಿದ ಜೀರಿಗೆ 2 ಟೀ ಚಮಚ ಬೇಕು. ಜೀರಿಗೆಯ ವಾಸನೆ ಏರಿದಾಗ ನನಗೆ ಪ್ರತಿ ಸಲವೂ ಮನೆಯ ಸಾರಿನ ಒಗ್ಗರಣೆ ನೆನಪಾಗುತ್ತದೆ. 1731ರಲ್ಲಿ ಕ್ಯಾನರಿ ದ್ವೀಪಗಳಿಂದ ಬಂದು ಈ ಊರಿನಲ್ಲಿ ನೆಲೆಸಿದ ಕುಟುಂಬಗಳೇ ಇಲ್ಲಿನ ಅಡುಗೆಗೆ ಜೀರಿಗೆಯ ಒಲವನ್ನು ತಂದವು ಎಂದು ಇಲ್ಲಿಯವರು ಹೇಳುತ್ತಾರೆ. ಉಪ್ಪು ಮತ್ತು ನಿಂಬೆರಸ ಮಾತ್ರ ಪ್ರತ್ಯೇಕವಾಗಿ ನನ್ನ ಬಲಗೈಯ ಬಳಿಯೇ ಕಾಯುತ್ತಿರುತ್ತವೆ. ಆರ್ಡರ್ ಬಂದ ಮೇಲೆಯೇ ಹಣ್ಣನ್ನು ಸೀಳಿ, ನಿಂಬೆರಸ ಸವರಿ, ಆ ಹೊತ್ತಿಗೆ ಬೇಕಾದಷ್ಟೇ ಹೂರಣಕ್ಕೆ ಉಪ್ಪು ಬೆರೆಸಿ, ಒಂದೊಂದು ಗುಳಿಗೆ ಸುಮಾರು 3 ದೊಡ್ಡ ಚಮಚದಂತೆ ತುಂಬುತ್ತೇನೆ. ಕೈ ಪಳಗಿದ ಮೇಲೆ ಒಂದು ತಟ್ಟೆಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. 60 ಜನರ ಕೂಟವಾದರೆ ಇಬ್ಬರು ನಿಲ್ಲುತ್ತೇವೆ: ಒಬ್ಬರು ಸೀಳುತ್ತಾರೆ, ಇನ್ನೊಬ್ಬರು ತುಂಬುತ್ತಾರೆ.

ಸೀಳುವ ಮುನ್ನ ಸಿಪ್ಪೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಒರೆಸಲೇಬೇಕು. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂದು ಹೊಸಬರು ಕೇಳುತ್ತಾರೆ. ಆದರೆ ಚಾಕು ಸಿಪ್ಪೆಯ ಮೂಲಕವೇ ತಿರುಳಿಗೆ ಇಳಿಯುತ್ತದೆ, ಮತ್ತು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸಿಪ್ಪೆಯ ಮಾದರಿಗಳಲ್ಲಿ ನೂರಕ್ಕೆ 17ಕ್ಕಿಂತ ಹೆಚ್ಚಿನವುಗಳ ಮೇಲೆ ಲಿಸ್ಟೀರಿಯಾ ರೋಗಾಣು ಕಂಡುಬಂದಿತ್ತು. ಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಚಾಕುವಿನ ಮೊನೆಯಿಂದ ಬೀಜ ಮೀಟುವುದನ್ನು ನಾನು ಯಾರಿಗೂ ಬಿಡುವುದಿಲ್ಲ. ಚೆನ್ನಾಗಿ ಹಣ್ಣಾದ ಅವಕಾಡೊದ ಬೀಜ ಚಮಚಕ್ಕೇ ಏಳುತ್ತದೆ.

ಚೀಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಅನೇಕ ಸಹೋದ್ಯೋಗಿಗಳಿಗಿಂತ ಭಿನ್ನವಾಗಿದೆ. ಹಳದಿ ಚೀಸ್ ಹಾಕಿ ಮೇಲುರಿಯಲ್ಲಿ ಕರಗಿಸುವವರಿದ್ದಾರೆ, ಟೆಕ್ಸಸ್ಸಿನಲ್ಲಿ ತುಂಬಿದ ಅವಕಾಡೊವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಪದ್ಧತಿಯೂ ಇದೆ. ಕರಿದದ್ದು ತಾನೇ ಒಂದು ಮುಖ್ಯ ತಿನಿಸಾಗಿ ಬರಲಿ, ನನ್ನ ತಕರಾರಿಲ್ಲ. ಆದರೆ ಚೀಸ್ ಹೊದ್ದ ಎಂಚಿಲಾಡದ ಪಕ್ಕಕ್ಕೆ ಮತ್ತೆ ಬಿಸಿ ಚೀಸ್ ಬಂದರೆ ನಾಲಿಗೆಗೆ ಬಿಡುವು ಎಲ್ಲಿಂದ ಸಿಗಬೇಕು? ಹೆಚ್ಚು ಹೊತ್ತು ಬಿಸಿ ತಾಗಿದ ಅವಕಾಡೊ ಕಹಿಯೂ ಆಗುತ್ತದೆ. ಆದ್ದರಿಂದ ಚಿಟಿಕೆಯಷ್ಟು ಕೆಸೊ ಫ್ರೆಸ್ಕೊ ಎಂಬ ಮೆಕ್ಸಿಕೊದ ತಾಜಾ ಬಿಳಿ ಚೀಸ್ ಉದುರಿಸಿ, ಒಲೆಯಿಂದ ಬಂದ ತಟ್ಟೆಯ ಅಂಚಿನಲ್ಲಿಡದೆ, ಬೇರೆಯೇ ತಣ್ಣನೆಯ ಚಿಕ್ಕ ತಟ್ಟೆಯಲ್ಲಿ ಕಳುಹಿಸುತ್ತೇನೆ.

ನನ್ನ ಊರು ಕೊಡಗು. ಅಲ್ಲಿನ ಕಾಫಿ ತೋಟಗಳ ಬೆಣ್ಣೆಹಣ್ಣಿಗೆ ಹಾಲು ಸಕ್ಕರೆ ಹಾಕಿ ರುಬ್ಬಿ ಕುಡಿದೇ ನಾನು ಬೆಳೆದವನು. ಕಳೆದ ರಜೆಯಲ್ಲಿ ಅಮ್ಮನಿಗೆ ಈ ತಿನಿಸು ಮಾಡಿಕೊಟ್ಟಾಗ, ನಮ್ಮ ಮರದ ದೊಡ್ಡ, ನುಣುಪು ಸಿಪ್ಪೆಯ ಹಣ್ಣಿನಲ್ಲಿ ಹ್ಯಾಸ್ ತಳಿಯಷ್ಟು ಜಿಡ್ಡಿಲ್ಲದ ಕಾರಣ ಹೂರಣದಲ್ಲಿ ಟೊಮೆಟೊ ಪೂರ್ತಿ ಬಿಟ್ಟು, ಮೆಕ್ಕೆಜೋಳ ಹೆಚ್ಚಿಸಬೇಕಾಯಿತು. ಅಮ್ಮ ಮೊದಲ ಚಮಚ ಬಾಯಿಗಿಟ್ಟು, "ಉಪ್ಪು ಈಗ ತಾನೇ ಹಾಕಿದೆಯಲ್ಲವೇ?" ಎಂದು ಕೇಳಿದರು.