ನಮ್ಮಪ್ಪನಿಗೂ ಆ ಮಿಷನ್ ಹಾಕಿಸಬಹುದಾ?

ಕೋಲಾರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಕೂದಲು ಎತ್ತಿ ಕಟ್ಟಿದ ದಿನ ಬಲಗಿವಿಯ ಹಿಂದೆ, ತಲೆಗೇ ಅಂಟಿಕೊಂಡಂತೆ ಒಂದು ಸಣ್ಣ ಕಪ್ಪು ಡಬ್ಬಿ ಕಾಣಿಸುತ್ತದೆ. "ಅಕ್ಕಾ, ಅದೇನು ಬ್ಲೂಟೂತಾ?" ಅಂತ ಮಾತು ಶುರುವಾಗುತ್ತದೆ. ಕಿವಿ ಕೇಳಿಸೋ ಮಿಷನ್ ಕಣಪ್ಪಾ, ಒಳಗೆ ಮೂಳೆಗೆ ಸ್ಕ್ರೂ ಹಾಕಿದ್ದಾರೆ ಅಂದ ಕೂಡಲೇ ಮುಂದಿನ ಪ್ರಶ್ನೆ ರೆಡಿ: "ಹಂಗಾದ್ರೆ ನಮ್ಮಪ್ಪನಿಗೂ ಹಾಕಿಸಬಹುದಾ?"

ಅಪ್ಪನ ಕಿವಿ ಎಲ್ಲಿ ಕೆಟ್ಟಿದೆ ಅಂತ ಮೊದಲು ನೋಡಬೇಕು. ಎಷ್ಟು ಕಿವುಡು ಅನ್ನೋದು ಆಮೇಲಿನ ಮಾತು.

ಒಂದು ಕೆಲಸ ಮಾಡಿ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಪ್ಪಟ್ಟು ಕಡಿಯಿರಿ. ಕರುಂಕುರುಂ ಅನ್ನೋದು ತಲೆಯೆಲ್ಲ ತುಂಬುತ್ತದೆ, ಅಲ್ವಾ? ಕಿವಿಯ ದಾರಿ ಮುಚ್ಚಿದ್ದರೂ ಶಬ್ದ ಒಳಗೆ ಹೋಯಿತು. ಮೂಳೆ ಅದುರಿ, ಆ ಅದುರು ನೇರವಾಗಿ ಒಳಗಿವಿಯಲ್ಲಿ ಶಬ್ದ ಹಿಡಿಯುವ ಕಾಕ್ಲಿಯಾಕ್ಕೆ ಮುಟ್ಟಿತು. ನನ್ನ ಮಿಷನ್ ಮಾಡೋದೂ ಇಷ್ಟೇ. ಹೊರಗಿನ ಶಬ್ದವನ್ನು ಮೈಕಿನಲ್ಲಿ ಹಿಡಿದು, ಅದುರು ಮಾಡಿ, ತಲೆಮೂಳೆಗೆ ಕೊಡುತ್ತದೆ. ಊರೊಳಗಿನ ರಸ್ತೆ ಅಗೆದುಹಾಕಿದ್ದರೆ ಬೈಪಾಸಿನಲ್ಲಿ ಹೋಗೋ ಹಾಗೆ.

ಆದರೆ ಬೈಪಾಸ್ ಹಿಡಿದು ಹೋದ ಮೇಲೆ ಸೇರಬೇಕಾದ ಊರು ಇರಬೇಕಲ್ಲ. ಒಳಗಿವಿಯೇ ಸವೆದಿದ್ದರೆ ಮೂಳೆಯಿಂದ ಶಬ್ದ ಕಳಿಸಿ ಲಾಭವಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಬಿಡಿಸಿ ಹೇಳಲೇಬೇಕು. ನನ್ನನ್ನು ಕೇಳುವವರಲ್ಲಿ ಕೆಜಿಎಫ್ ಕಡೆಯವರು ಜಾಸ್ತಿ. ಗಣಿ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿ ಬಂಡೆ ಕೊರೆಯುವ ಡ್ರಿಲ್ಲಿನ ಪಕ್ಕ ವರ್ಷಗಟ್ಟಲೆ ನಿಂತವರ ಕಿವಿ ಹೋಗಿದ್ದು ಹೋಯಿತು. ಜೋರು ಸದ್ದು ಕಾಕ್ಲಿಯಾದೊಳಗಿನ ಸೂಕ್ಷ್ಮ ಕೂದಲು ಕೋಶಗಳನ್ನು ಸಾಯಿಸುತ್ತದೆ. ಮೊದಲು ಹೋಗೋದು ತೀಕ್ಷ್ಣ ಸ್ವರಗಳು, 4000 ಹರ್ಟ್ಸ್ ಆಸುಪಾಸಿನವು. ಅದಕ್ಕೇ ಅವರು "ಮಾತು ಕೇಳಿಸ್ತದೆ, ಏನಂದ್ರು ಅಂತ ಗೊತ್ತಾಗಲ್ಲ" ಅನ್ನೋದು. ಸ, ಶ, ಟ ಜಾರಿಹೋಗುತ್ತವೆ. ಸೊಪ್ಪು ಅಂದರೆ ಒಪ್ಪು ಅನ್ನಿಸುತ್ತದೆ. ಮನೆಯವರು ಇನ್ನಷ್ಟು ಜೋರಾಗಿ ಕಿರುಚುತ್ತಾರೆ, ಅದರಿಂದ ಏನೂ ಉಪಯೋಗವಿಲ್ಲ. ಇಂಥ ಅಪ್ಪಂದಿರಿಗೆ ಬೇಕಾಗಿರೋದು ಸರಿಯಾಗಿ ಹೊಂದಿಸಿದ ಮಾಮೂಲಿ ಕಿವಿ ಮಿಷನ್. ಮೂಳೆ ಮಿಷನ್ ಬೇಡ.

ನನ್ನ ಕಥೆ ಬೇರೆ. ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎಲ್ಲ ಆಯಿತು (ದಯವಿಟ್ಟು ಮಕ್ಕಳ ಕಿವಿಗೆ ಅದನ್ನು ಬಿಡಬೇಡಿ). ಆಮೇಲೆ ಆಪರೇಷನ್. ಸೋರೋದು ನಿಂತಿತು, ಆದರೆ ನಡುಗಿವಿಯಲ್ಲಿ ಶಬ್ದ ದಾಟಿಸುವ ಸಣ್ಣ ಮೂಳೆಗಳು ಉಳಿಯಲಿಲ್ಲ. ಮಾಮೂಲಿ ಮಿಷನ್ನಿನ ಅಚ್ಚು ಕಿವಿಗೆ ತುರುಕಿದರೆ ಮತ್ತೆ ಒಳಗೆಲ್ಲ ಒದ್ದೆ. ಒಳಗಿವಿ ಮಾತ್ರ ಗಟ್ಟಿಯಾಗಿತ್ತು. ಹಾಗಾಗಿ ಬೈಪಾಸ್.

ಇದು ಗೊತ್ತಾಗೋದು ಆಡಿಯೋಗ್ರಾಮ್ ಅನ್ನೋ ಕಿವಿ ಪರೀಕ್ಷೆಯ ಹಾಳೆಯಿಂದ. ಅಂಗಡಿಗೆ ಅದನ್ನು ಜೆರಾಕ್ಸ್ ಮಾಡಿಸಲು ತಂದವರಿಗೆ ನಾನೇ ತೋರಿಸುತ್ತೇನೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಇವು ಹೆಡ್‌ಫೋನ್ ಹಾಕಿ ನೋಡಿದ್ದು. ಬಾಣದ ತುದಿಯಂಥ ಗುರುತುಗಳು ಕಿವಿಯ ಹಿಂದಿನ ಮೂಳೆಗೆ ಯಂತ್ರ ಒತ್ತಿ ನೋಡಿದ್ದು. ಗುರುತು ಕೆಳಗಿಳಿದಷ್ಟೂ ಕೇಳಿಸೋದು ಕಡಿಮೆ ಅಂತ ಲೆಕ್ಕ. ಎರಡೂ ಒಟ್ಟಿಗೇ ಕೆಳಗಿಳಿದಿದ್ದರೆ ಒಳಗಿವಿ ಅಥವಾ ನರದ ತೊಂದರೆ. ಸೊನ್ನೆ, ಇಂಟು ಕೆಳಗೆ ಬಿದ್ದು, ಬಾಣಗಳು ಮೇಲೇ ಉಳಿದು, ನಡುವೆ ದೊಡ್ಡ ಸಂದು ಇದ್ದರೆ ಈ ಮಿಷನ್ನಿನ ಮಾತು ಎತ್ತಬಹುದು. ಸಾಧಾರಣ ಮಾದರಿಗಳಿಗೆ ಆ ಬಾಣಗಳು ಸುಮಾರು 45 ಡೆಸಿಬಲ್ ಒಳಗೆ ಇರಬೇಕು. ಜೋರಿನ ಮಾದರಿಗಳು 55, 65ರವರೆಗೂ ಎಳೆಯುತ್ತವೆ. ಸಂದು ಇದ್ದ ಮಾತ್ರಕ್ಕೆ ಸ್ಕ್ರೂ ಅಂತಲೂ ಅಲ್ಲ. ಕಿವಿಯ ತಮಟೆ ತೂತಾಗಿದ್ದರೆ ಅದನ್ನೇ ಮುಚ್ಚಿ ಸರಿಮಾಡಬಹುದು.

ಇನ್ನೊಂದು ವಿಷಯ, ಇದನ್ನು ಆಪರೇಷನ್‌ಗೆ ಮೊದಲೇ ಕೇಳಿ ನೋಡಬಹುದು. ಅದೇ ಮಿಷನ್ನನ್ನು ಬಟ್ಟೆಯ ಪಟ್ಟಿಗೆ ಸಿಕ್ಕಿಸಿ ತಲೆಗೆ ಕಟ್ಟುತ್ತಾರೆ. ಸಾಫ್ಟ್‌ಬ್ಯಾಂಡ್ ಅಂತಾರೆ. ಚರ್ಮದ ಮೇಲಿಂದ ಬರೋದರಿಂದ ಸ್ವಲ್ಪ ಮಂಕು, ಆದರೂ ಅಂದಾಜು ಸಿಗುತ್ತದೆ. ಆಸ್ಪತ್ರೆಯ ಸದ್ದಿಲ್ಲದ ಕೋಣೆಯಲ್ಲಿ ಕೇಳಿ "ಓಕೆ" ಅನ್ನಬೇಡಿ. ಬಸ್ ಸ್ಟ್ಯಾಂಡಿಗೆ ಹೋಗಿ, ಟೊಮೇಟೊ ಮಂಡಿಯಲ್ಲಿ ಹರಾಜು ಕೂಗೋ ಹೊತ್ತಿಗೆ ನಿಂತು ನೋಡಿ. ಈ ಪರೀಕ್ಷೆ ಮಾಡಿಸದೆ ಆಪರೇಷನ್ ದಿನಾಂಕ ಕೊಡುವವರ ಹತ್ತಿರ ನಾನಾದರೆ ಹೋಗೋದಿಲ್ಲ.

ಹುಟ್ಟಿನಿಂದಲೇ ಕಿವಿಯ ತೂತು ಇಲ್ಲದ ಮಕ್ಕಳಿಗೆ ಈ ಪಟ್ಟಿ ದೊಡ್ಡ ವರ. ಅಮೆರಿಕದಲ್ಲಿ ಸ್ಕ್ರೂಗೆ ಅನುಮತಿ 5 ವರ್ಷದ ಮೇಲೆ, ಎಳೆ ಮೂಳೆ ತೆಳ್ಳಗಿರುತ್ತದಲ್ಲ. ಆದರೆ ಪಟ್ಟಿಯನ್ನು ಕೆಲವೇ ತಿಂಗಳ ಕೂಸಿಗೂ ಕಟ್ಟಬಹುದು. ಎರಡೂ ಕಿವಿ ಮುಚ್ಚಿದ್ದರೆ "ದೊಡ್ಡದಾಗಲಿ, ನೋಡೋಣ" ಅಂತ ಸುಮ್ನೆ ಕೂರಬೇಡಿ. ಮಾತು ಕಲಿಯೋ ವಯಸ್ಸು ಕಾಯೋದಿಲ್ಲ. ಮೈಸೂರಿನ ಆಯಿಷ್‌ಗೆ, ಅಂದರೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಒಮ್ಮೆ ಕರೆದುಕೊಂಡು ಹೋಗಿ.

"ತಲೆಗೆ ಸ್ಕ್ರೂ ಅಂದ್ರೆ ಮಿದುಳಿಗೆ ಚುಚ್ಚಲ್ವಾ?" ಇಲ್ಲ. ಸ್ಕ್ರೂ ಉದ್ದ 3ರಿಂದ 4 ಮಿಲಿಮೀಟರ್, ಕೂರೋದು ಕಿವಿಯ ಹಿಂದಿನ ಮೂಳೆಯಲ್ಲಿ. ಟೈಟಾನಿಯಂ ಲೋಹಕ್ಕೆ ಮೂಳೆ ತಾನೇ ಬೆಸೆದುಕೊಳ್ಳುತ್ತದೆ. ಇದನ್ನು ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. ಮೊದಲು ಹಲ್ಲಿಗೆ ಬಳಸಿದರು. 1977ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಟೆಲ್‌ಸ್ಟ್ರೋಮ್ ಅನ್ನೋ ಡಾಕ್ಟರು ಕಿವಿಗೂ ತಂದರು. ದೊಡ್ಡವರಿಗೆ ಆ ಜಾಗ ಮಾತ್ರ ಮರಗಟ್ಟಿಸಿ ಮಾಡುವುದೂ ಉಂಟು. ಬೆಸುಗೆ ಗಟ್ಟಿಯಾಗಲು ಸಾಮಾನ್ಯವಾಗಿ ಮೂರು ತಿಂಗಳು ಬಿಟ್ಟು ಡಬ್ಬಿ ಸಿಕ್ಕಿಸುತ್ತಾರೆ.

ಕಷ್ಟ ಇರೋದು ಆಪರೇಷನ್ನಿನಲ್ಲಿ ಅಲ್ಲ, ಆಮೇಲಿನ ದಿನಚರಿಯಲ್ಲಿ. ನನ್ನದು ಚರ್ಮದಿಂದ ಹೊರಗೆ ಲೋಹದ ಗುಬಟು ಕಾಣೋ ಮಾದರಿ. ಅದರ ಬುಡವನ್ನು ಮೆತ್ತನೆಯ ಬ್ರಷ್ಷಿನಲ್ಲಿ ಸೋಪುನೀರು ಮಾಡಿ ಉಜ್ಜಬೇಕು. ಬಿಟ್ಟರೆ ಪೊರೆ ಕಟ್ಟುತ್ತದೆ, ಚರ್ಮ ಕೆಂಪಾಗಿ ಕೀವು ಬರುತ್ತದೆ. ತಲೆಸ್ನಾನಕ್ಕೆ, ಹೆಲ್ಮೆಟ್ಟಿಗೆ ಡಬ್ಬಿ ತೆಗೆದಿಡಬೇಕು. ಎಣ್ಣೆ ಹಚ್ಚಿದ ದಿನ ಇನ್ನೂ ಜಾಗ್ರತೆ. ಬಸ್ಸಿನಲ್ಲಿ ಸೀಟಿಗೆ ತಲೆ ಒರಗಿದರೆ ಕುಯ್ ಅಂತ ಕೂಗುತ್ತದೆ, ಪಕ್ಕದವರು ತಿರುಗಿ ನೋಡುತ್ತಾರೆ. ತಿರುಪತಿಗೆ ಮುಡಿ ಕೊಡೋರು ಕತ್ತಿ ಇಡುವ ಮೊದಲೇ ಗುಬಟು ತೋರಿಸಿಬಿಡಿ. ನಾನಂತೂ ಮುಡಿ ಪೂರ್ತಿ ತೆಗೆಸದೆ ಮೂರು ಕತ್ತರಿಯಲ್ಲೇ ಮುಗಿಸಿದೆ.

ಇದೆಲ್ಲ ಬೇಡ ಅಂದರೆ ಚರ್ಮದೊಳಗೇ ಪೂರ್ತಿ ಮುಚ್ಚಿಡುವ ಮಾದರಿಗಳಿವೆ. 2012ರಲ್ಲಿ ಬೋನ್‌ಬ್ರಿಡ್ಜ್ ಬಂತು, ಆಮೇಲೆ ಓಸಿಯಾ. ಹೊರಗಿನ ಡಬ್ಬಿ ಅಯಸ್ಕಾಂತದಿಂದ ಕಚ್ಚಿಕೊಳ್ಳುತ್ತದೆ. ಚರ್ಮದ ರಗಳೆ ಕಡಿಮೆ, ಆದರೆ ಎಂಆರ್‌ಐ ಮಾಡಿಸುವಾಗ ಒಳಗೆ ಅಯಸ್ಕಾಂತ ಇದೆ ಅಂತ ಮೊದಲೇ ಹೇಳಬೇಕು, ಮಿಷನ್ನಿನ ಜತೆ ಕೊಟ್ಟ ಕಾರ್ಡ್ ತೋರಿಸಬೇಕು.

ಒಂದು ಕಿವಿ ಪೂರ್ತಿ ಹೋದವರಿಗೂ ಹಾಕುತ್ತಾರೆ. ಆ ಕಡೆಯ ಶಬ್ದ ಮೂಳೆಯಲ್ಲಿ ಹಾದು ಒಳ್ಳೆಯ ಕಿವಿಗೆ ಸೇರುತ್ತದೆ. ಕೂಗಿದ್ದು ಎಡಗಡೆಯಿಂದಲೋ ಬಲಗಡೆಯಿಂದಲೋ ಅನ್ನೋದು ಮಾತ್ರ ಆಗಲೂ ಸರಿಯಾಗಿ ತಿಳಿಯಲ್ಲ.

ಇನ್ನು ದುಡ್ಡು. ಲಕ್ಷಗಳ ಲೆಕ್ಕ, ಮುಚ್ಚಿಡೋದೇನಿದೆ. "ಸರ್ಕಾರ ಕೊಡ್ತದಂತೆ" ಅಂತ ಬರುವವರು ಬಹಳ ಸಲ ಕೇಳಿರೋದು ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ. ಅದು ಒಳಗಿವಿಯೇ ಕೆಟ್ಟ ಮಕ್ಕಳಿಗೆ ಕೊಡೋ ಬೇರೆಯದೇ ಸಾಧನ. ಹೆಸರು ಕೇಳಿ ಮೋಸಹೋಗಬೇಡಿ. ಮೊದಲು ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ಡಾಕ್ಟರಿಗೆ ಅಪ್ಪನ ಕಿವಿ ತೋರಿಸಿ, ಆ ಹಾಳೆ ಕೈಗೆ ತೆಗೆದುಕೊಳ್ಳಿ. ಮೂಳೆ ಮಿಷನ್ನೇ ಬೇಕು ಅಂತ ಆದರೆ, ಅಡ್ಮಿಟ್ ಆಗುವ ಮುಂಚೆ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರ ಯಾವ ಖರ್ಚು ಯೋಜನೆಗೆ ಬರುತ್ತದೆ, ಯಾವುದು ಬರಲ್ಲ ಅಂತ ವಿಚಾರಿಸಿ. ಮಿಷನ್ ಮಾರುವವರ ಹತ್ತಿರ ಇನ್ನೊಂದು ಲೆಕ್ಕ ಬರೆಸಿಕೊಳ್ಳಿ: ಒಳಗಿನ ಸ್ಕ್ರೂ ಬಹಳ ವರ್ಷ ಇರುತ್ತದೆ, ಹೊರಗಿನ ಡಬ್ಬಿ ಅಷ್ಟು ದಿನ ಬರಲ್ಲ. ಅದು ಕೆಟ್ಟರೆ ಹೊಸದಕ್ಕೆ ಎಷ್ಟಾಗುತ್ತದೆ, ರಿಪೇರಿ ಎಲ್ಲಿ ಮಾಡುತ್ತಾರೆ ಅಂತ.