ಬಲಕ್ಕೆ ಹೋಗ್ಲಿಕ್ಕೆ ಎಡಕ್ಕೆ ನಿಲ್ಲುವ ರೂಲು, ಮತ್ತೆ ನಮ್ಮ ನಂತೂರು

ಬಲಕ್ಕೆ ತಿರುಗ್ಬೇಕಾದ್ರೆ ರಸ್ತೆಯ ಎಡ ತುದಿಯ ಲೇನಲ್ಲಿ ಹೋಗ್ಬೇಕು ಅಂತ ಯಾರಾದ್ರೂ ಹೇಳಿದ್ರೆ ಇಲ್ಲಿಯ ಯಾವ ಡ್ರೈವಿಂಗ್ ಸ್ಕೂಲಿನವ್ರೂ ಒಪ್ಲಿಕ್ಕಿಲ್ಲ, ಆದ್ರೆ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಪೇಟೆ ನಡುವಿನ ಸುಮಾರು ಜಂಕ್ಷನ್‌ಗಳಲ್ಲಿ ಅದೇ ರೂಲು. ಹುಕ್ ಟರ್ನ್ ಅಂತ ಹೆಸರು. ಅವ್ರೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಗಾಡಿ ಬಿಡುವವ್ರು, ಸ್ಟೇರಿಂಗ್ ಬಲಕ್ಕೇ ಇರ್ತದೆ, ಹಾಗಾಗಿ ನನಗೆ ಅದನ್ನು ನೋಡಿದಾಗಿಂದ ನಮ್ಮ ಮಂಗಳೂರಿನ ನಂತೂರಿನ ಹಾಗಿನ ಸರ್ಕಲ್‌ಗಳೇ ತಲೆಗೆ ಬರ್ತಾ ಉಂಟು.

ಅದು ಹೇಗೆ ಅಂದ್ರೆ, ಜಂಕ್ಷನ್ ಬರುವ ಮೊದ್ಲೇ "ಬಲ ತಿರುವು ಎಡದಿಂದ ಮಾತ್ರ" ಅನ್ನುವ ಬೋರ್ಡ್ ಇರ್ತದೆ, ತಲೆಯ ಮೇಲೆ ನೇತುಹಾಕಿರ್ತಾರೆ ಇಲ್ಲ ಬದಿಯಲ್ಲಿ ಇರ್ತದೆ. ಅದನ್ನು ನೋಡಿ ಬಲದ ಇಂಡಿಕೇಟರ್ ಹಾಕಿಕೊಂಡೇ ಎಡದ ಲೇನಲ್ಲಿ ಬರ್ಬೇಕು, ಹಸಿರು ಬಿದ್ದಾಗ ನೇರ ಜಂಕ್ಷನ್ ಒಳಗೆ ಹೋಗಿ ಆಚೆ ಬದಿಯ ಎಡ ಮೂಲೆಯಲ್ಲಿ, ಜನ ದಾಟುವ ಪಟ್ಟಿಗೆ ಅಡ್ಡ ಆಗದ ಹಾಗೆ ನಿಲ್ಬೇಕು. ಅಲ್ಲೇ ಕಾಯ್ಬೇಕು. ನಾವು ಯಾವ ರಸ್ತೆಗೆ ಹೋಗ್ಬೇಕೋ ಆ ರಸ್ತೆಯವ್ರಿಗೆ ಹಸಿರು ಬಂದಾಗ ನಾವು ಬಲಕ್ಕೆ ತಿರುಗಿ ಅವ್ರ ಮುಂದೆಯೇ ಹೊರಟುಬಿಡುದು. ಆಗ ನಾವು ಬಂದ ರಸ್ತೆಗೂ ನಮ್ಮ ಎದುರಿನಿಂದ ಬರುವವ್ರಿಗೂ ಕೆಂಪು ಬಿದ್ದಿರ್ತದೆ. ಎದುರಿನ ಟ್ರಾಫಿಕನ್ನು ಸೀಳಿಕೊಂಡು ಹೋಗುವ ಕೆಲಸವೇ ಇಲ್ಲ, ಎಡಬದಿಯಲ್ಲಿ ಸಿಗ್ನಲಿಗೆ ಕಾಯ್ತಾ ನಿಂತವ್ರು ನೇರ ಹೊರಟ್ರೂ ನಾವು ಹೋಗುವ ದಿಕ್ಕಿಗೇ ಹೋಗುವವ್ರು, ನಮ್ಮ ಹಿಂದಿನಿಂದ ಬರ್ತಾರೆ ಅಷ್ಟೆ.

ಕಾರಣ ಟ್ರಾಮು, ಅಂದ್ರೆ ರಸ್ತೆಯಲ್ಲೇ ಹಳಿಯ ಮೇಲೆ ಓಡುವ ಸಣ್ಣ ರೈಲು. ಮೆಲ್ಬರ್ನಿನ ಟ್ರಾಮ್ ಜಾಲ ಲೋಕದಲ್ಲೇ ದೊಡ್ಡದು, ಸುಮಾರು 250 ಕಿಲೋಮೀಟರ್, ಪೇಟೆಯೊಳಗೆ ಹಳಿ ಇರುದು ರಸ್ತೆಯ ಸರಿ ನಡುವೆ. ಬಲಕ್ಕೆ ಹೋಗುವ ಕಾರುಗಳು ನಮ್ಮ ಹಾಗೆ ನಡುವಿಗೆ ಬಂದು ಕಾದ್ರೆ ಹಳಿಯ ಮೇಲೇ ನಿಂತ ಹಾಗಾಗ್ತದೆ, ಒಂದು ಕಾರಿಗಾಗಿ ಜನ ತುಂಬಿದ ಟ್ರಾಮು ಹಿಂದೆ ನಿಲ್ಬೇಕು. ಅದಕ್ಕೆ ಕಾಯುವ ಜಾಗವನ್ನೇ ನಡುವಿನಿಂದ ಎತ್ತಿ ಮೂಲೆಗೆ ಹಾಕಿದ್ದಾರೆ. ನನ್ನ ತಂಗಿ ಅಲ್ಲಿ ಇರುದು, ಅವಳ ಕಾರಲ್ಲಿ ಕೂತು ಕಾಲಿನ್ಸ್ ಸ್ಟ್ರೀಟ್ ಕಡೆ ಹೋದಾಗ ಮೊದ್ಲು ನೋಡಿದ್ದು, ಜಂಕ್ಷನ್ ನಡುವೆ ಮೂಲೆಯಲ್ಲಿ ಕಾರು ನಿಲ್ಲಿಸಿಕೊಂಡು ಅವಳು ಆರಾಮಾಗಿ ಕೂತಿದ್ಳು, ನನಗೆ ಎಡಬದಿಯಲ್ಲಿ ನಿಂತ ಸಾಲು ಗಾಡಿಗಳನ್ನು ನೋಡಿ ಈಗ ಇವ್ರೆಲ್ಲ ಹಾರ್ನ್ ಹೊಡಿತಾರೆ ಅಂತ. ಯಾರೂ ಹೊಡೀಲಿಲ್ಲ. "ಅವ್ರಿಗೂ ಗೊತ್ತುಂಟಲ್ಲ ಅಣ್ಣ ನಾನು ಇಲ್ಲಿ ಯಾಕೆ ನಿಂತದ್ದು ಅಂತ" ಅಂದ್ಳು. ನನಗೆ ಈ ಇಡೀ ವಿಷಯದಲ್ಲಿ ಮುಖ್ಯ ಅನಿಸಿದ್ದು ಅದೇ ಮಾತು. ತಿರುಗುದು ವಿಚಿತ್ರ ಇರ್ಲಿ ಸರಳ ಇರ್ಲಿ, ಆ ಮೂಲೆಗೆ ಬಂದವ್ರಿಗೆಲ್ಲ ಇನ್ನೊಬ್ಬ ಮುಂದೆ ಎಂತ ಮಾಡ್ತಾನೆ ಅಂತ ಮೊದ್ಲೇ ಗೊತ್ತಿರ್ಬೇಕು.

ಈಗ ನಂತೂರಿಗೆ ಬನ್ನಿ. ಹೆದ್ದಾರಿ 66ಕ್ಕೆ ಮೂಡುಬಿದಿರೆ ಕಡೆ ಹೋಗುವ 169 ಸೇರುವ ಜಾಗ ಅದು, ಈಚೆಯಿಂದ ಮಲ್ಲಿಕಟ್ಟೆ ರಸ್ತೆ, ಆಚೆಯಿಂದ ಬಿಕರ್ನಕಟ್ಟೆ ಕುಲಶೇಖರದ ರಸ್ತೆ, ಹೆದ್ದಾರಿಯಲ್ಲಿ ಉತ್ತರಕ್ಕೆ ಕೆಪಿಟಿ ಜಂಕ್ಷನ್, ದಕ್ಷಿಣಕ್ಕೆ ಪಂಪ್‌ವೆಲ್. ಪಣಂಬೂರಿನ ಬಂದರಿಂದ ಬರುವ ಲಾರಿ ಟ್ಯಾಂಕರುಗಳೂ ಇದರಲ್ಲೇ, ಸಿಟಿ ಬಸ್ಸೂ ಇದರಲ್ಲೇ, ಶಾಲೆಗೆ ಮಕ್ಕಳನ್ನು ಬಿಡ್ಲಿಕ್ಕೆ ಹೋಗುವ ಸ್ಕೂಟರೂ ಇದರಲ್ಲೇ. ಕೆಪಿಟಿ ಕಡೆಯಿಂದ ಬಂದು ಮಲ್ಲಿಕಟ್ಟೆಗೆ ಹೋಗುವವ್ರು ಬಲಕ್ಕೆ ತಿರುಗ್ಬೇಕು, ಅಂದ್ರೆ ಪಂಪ್‌ವೆಲ್ ಕಡೆಯಿಂದ ಬರುವ ಅಷ್ಟೂ ಗಾಡಿಯನ್ನು ದಾಟ್ಬೇಕು. ಅಲ್ಲಿ ಒಂದರ್ಧ ಗಂಟೆ ಬದಿಯಲ್ಲಿ ನಿಂತು ನೋಡಿದ್ರೆ ಗೊತ್ತಾಗ್ತದೆ, ಒಬ್ಬೊಬ್ಬರದ್ದು ಒಂದೊಂದು ಕ್ರಮ. ಒಬ್ಬ ನಡುವಿಗೆ ಬಂದು ಕಾಯ್ತಾನೆ, ಇನ್ನೊಬ್ಬ ಮೊದ್ಲೇ ಬಲಕ್ಕೆ ಸರಿದು ಎದುರಿನವ್ರ ಲೇನಲ್ಲೇ ಹೋಗಿ ತಿರುಗ್ತಾನೆ, ಸ್ಕೂಟರಿನವ್ರು ಲಾರಿ ತಿರುಗುವಾಗ ಅದರ ಬದಿಗೆ ಅಡಗಿಕೊಂಡು ಒಟ್ಟಿಗೇ ದಾಟ್ತಾರೆ, ಇದು ಎಲ್ಲದಕ್ಕಿಂತ ಹೆಚ್ಚು ಹೆದರಿಕೆ ಆಗುದು ನನಗೆ, ಯಾಕಂದ್ರೆ ಆ ಲಾರಿಯ ಡ್ರೈವರಿಗೆ ಬದಿಯಲ್ಲಿ ಒಬ್ಬ ಇದ್ದಾನೆ ಅಂತ ಕನ್ನಡಿಯಲ್ಲಿ ಕಾಣುದೇ ಇಲ್ಲ. ಇವ್ರು ಯಾರೂ ಕೆಟ್ಟ ಡ್ರೈವರ್‌ಗಳಲ್ಲ ಮಾರಾಯ್ರೆ. ದಿನಾ ಅದೇ ದಾರಿಯಲ್ಲಿ ಹೋಗಿ ಹೋಗಿ ತಮಗೊಂದು ರೂಲು ತಾವೇ ಮಾಡಿಕೊಂಡಿದ್ದಾರೆ, ತೊಂದರೆ ಎಂತ ಅಂದ್ರೆ ಪಕ್ಕದವನ ರೂಲು ಬೇರೆ ಉಂಟು.

ನಮ್ಮ ದೇಶಕ್ಕೂ ಬರೆದಿಟ್ಟ ರೂಲು ಉಂಟು. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಅಂತ, ಅದಕ್ಕಿಂತ ಮೊದ್ಲು 1989ರದ್ದು ಇತ್ತು. ಅದರ ಪ್ರಕಾರ ಎಡಕ್ಕೆ ತಿರುಗುವವ್ರು ಮೊದ್ಲೇ ಎಡ ಬದಿಗೆ ಬರ್ಬೇಕು, ಬಲಕ್ಕೆ ತಿರುಗುವವ್ರು ಕನ್ನಡಿ ನೋಡಿ ಇಂಡಿಕೇಟರ್ ಹಾಕಿ ನಿಧಾನಕ್ಕೆ ರಸ್ತೆಯ ನಡುವಿಗೆ ಬಂದು ಎದುರಿನವ್ರಿಗೆ ದಾರಿ ಬಿಟ್ಟು ಆಮೇಲೆ ತಿರುಗ್ಬೇಕು. ಸಿಗ್ನಲ್ಲೂ ಪೊಲೀಸೂ ಇಲ್ಲದ ಕಡೆ, ಮೇನ್ ರೋಡ್ ಅಂತ ಗುರುತು ಇಲ್ಲದಿದ್ರೆ, ಬಲಗಡೆಯಿಂದ ಬರುವವ್ರಿಗೆ ಮೊದಲು ದಾರಿ. ಸರ್ಕಲಿನಲ್ಲಿ ಆಗ್ಲೇ ಸುತ್ತುತ್ತಾ ಇರುವವ್ರಿಗೆ ಮೊದಲು ದಾರಿ, ಹೊರಗಿನಿಂದ ಬರುವವ್ರು ಕಾಯ್ಬೇಕು. ಈ ಸರ್ಕಲಿನ ರೂಲು ಒಂದನ್ನೇ ಎಲ್ರೂ ಪಾಲಿಸಿದ್ರೂ ಮಂಗಳೂರಿನ ಅರ್ಧ ಹಾರ್ನ್ ಕಮ್ಮಿ ಆಗ್ತದೆ ಅಂತ ನನ್ನ ಅಭಿಪ್ರಾಯ, ಒಳಗೆ ಇರುವವ್ರು ಹೊರಗೆ ಹೋಗ್ಲಿಕ್ಕೆ ಆಗದೆ ಸುತ್ತು ಕಟ್ಟಿಕೊಳ್ಳುದು ಇದೇ ಒಂದು ಕಾರಣಕ್ಕೆ. ಇನ್ನೊಂದು ಉಂಟು, ನಮ್ಮ ಸಿಗ್ನಲ್ ಹಸಿರೇ ಇರ್ಲಿ, ಆಚೆ ಬದಿ ಗಾಡಿ ನಿಂತು ಜಾಗ ಇಲ್ಲದಿದ್ರೆ ಜಂಕ್ಷನ್ ಒಳಗೆ ಹೋಗ್ಲಿಕ್ಕಿಲ್ಲ. ಪೇಟೆಯ ಸರ್ಕಲುಗಳಾದ ಹಂಪನಕಟ್ಟೆಯಲ್ಲಿ, ಪಿವಿಎಸ್‌ನಲ್ಲಿ ಸಂಜೆ ಹೊತ್ತಿಗೆ ಇದನ್ನು ನೆನಪಿಟ್ಟುಕೊಂಡ್ರೆ ಸಾಕು.

ಫ್ರೀ ಲೆಫ್ಟ್ ಬಗ್ಗೆಯೂ ಹೇಳ್ಬೇಕು, ಎಡಕ್ಕೆ ಯಾವಾಗ್ಲೂ ಫ್ರೀ ಅಂತ ಎಲ್ರೂ ನಂಬಿದ್ದಾರೆ, ಹಾಗೆ ಇಲ್ಲ. ಬೋರ್ಡ್ ಇದ್ರೆ ಅಥವಾ ಎಡಕ್ಕೆ ಹಸಿರು ಬಾಣ ಇದ್ರೆ ಮಾತ್ರ, ಇಲ್ಲದಿದ್ರೆ ಕೆಂಪು ಅಂದ್ರೆ ಎಡಕ್ಕೆ ಹೋಗುವವ್ರಿಗೂ ಕೆಂಪೇ.

ರಾಂಗ್ ಸೈಡ್ ವಿಷಯಕ್ಕೆ ಬಂದ್ರೆ ನನಗೆ ಸಿಟ್ಟು ಬರ್ತದೆ. ಮಂಗಳೂರಿನಿಂದ ಉಡುಪಿಗೆ ಹೋಗುವಾಗ ಮೂಲ್ಕಿ, ಪಡುಬಿದ್ರಿ, ಕಟಪಾಡಿ ಎಲ್ಲ ಕಡೆ ನೋಡಿ, ಡಿವೈಡರ್ ಓಪನಿಂಗ್ ದೂರ ಉಂಟು ಅಂತ ಪೆಟ್ರೋಲ್ ಬಂಕಿನಿಂದ ಹೊರಟವ್ರು, ದೇವಸ್ಥಾನದಿಂದ ಹೊರಟವ್ರು, ಹೆದ್ದಾರಿಯ ಬದಿ ಹಿಡ್ಕೊಂಡು ಎದುರಿಗೇ ಬರ್ತಾರೆ, ಹಿಂದೆ ಹೆಂಡತಿ ಮಕ್ಕಳು ಕೂತಿರ್ತಾರೆ. ಸ್ವಲ್ಪ ದೂರ ಅಲ್ವಾ ಅಂತಾರೆ. ಎದುರಿನಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನವನಿಗೆ ಅಲ್ಲಿ ಒಬ್ಬ ಎದುರು ಬರ್ತಾನೆ ಅನ್ನುವ ಅಂದಾಜೇ ಇರುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನಿನಲ್ಲಿ ಹೀಗೆ ಎದುರು ದಿಕ್ಕಿಗೆ ಗಾಡಿ ಬಿಡುದನ್ನು, ಕೆಂಪು ಸಿಗ್ನಲ್ ದಾಟುದನ್ನು ಅಪಾಯಕಾರಿ ಚಾಲನೆ ಅಂತಲೇ ಸೇರಿಸಿದ್ದಾರೆ, ಮೊದಲ ಸಲಕ್ಕೇ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲ 1000ದಿಂದ 5000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಆದ್ರೆ ಡಿವೈಡರ್ ಓಪನಿಂಗನ್ನು ಜನರಿಗೆ ಬೇಕಾದ ಕಡೆ ಬಿಟ್ಟು ಬೇರೆಲ್ಲೋ ಕೊಟ್ಟು ಬರೇ ದಂಡ ಹಾಕಿದ್ರೆ ಇದು ನಿಲ್ಲುದಿಲ್ಲ, ಅದನ್ನೂ ಹೇಳ್ಬೇಕು.

ಬೇರೆ ಊರಿನವ್ರು ಎಂತ ಮಾಡಿದ್ದಾರೆ ಅಂತ ಹುಡುಕಿದ್ರೆ ನಮಗೆ ಹತ್ತಿರದ್ದು ಜಪಾನಿನದ್ದು. ಅಲ್ಲಿಯೂ ಎಡಕ್ಕೇ ಗಾಡಿ ಬಿಡುದು. 50 ಸಿಸಿಯ ಸಣ್ಣ ಸ್ಕೂಟರಿನವ್ರು ಮೂರು ಅಥವಾ ಹೆಚ್ಚು ಲೇನಿರುವ ರಸ್ತೆಯ ಸಿಗ್ನಲಿನಲ್ಲಿ ಒಂದೇ ಸಲಕ್ಕೆ ಬಲಕ್ಕೆ ತಿರುಗ್ಲಿಕ್ಕೇ ಇಲ್ಲ, ಬೇರೆ ಬೋರ್ಡ್ ಇದ್ರೆ ಮಾತ್ರ ಬಿಡ್ತಾರೆ. ಇಲ್ಲದಿದ್ರೆ ಎಡ ಬದಿಯಲ್ಲೇ ನೇರ ಹೋಗಿ ಆಚೆ ಮೂಲೆಯಲ್ಲಿ ಗಾಡಿಯ ಮುಖ ತಿರುಗಿಸಿ ನಿಂತು, ಆ ರಸ್ತೆಗೆ ಹಸಿರು ಬಿದ್ದಾಗ ನೇರ ಹೋಗ್ಬೇಕು. ತೈವಾನಿನಲ್ಲಿ ಬಲಕ್ಕೆ ಗಾಡಿ ಬಿಡುವ ಕ್ರಮ, ಹಾಗಾಗಿ ಅವ್ರಿಗೆ ಕಷ್ಟ ಆಗುದು ಎಡ ತಿರುವು, ಅಲ್ಲಿ ಸ್ಕೂಟರಿನವ್ರು ನಿಂತು ಕಾಯ್ಲಿಕ್ಕೆ ಜಂಕ್ಷನ್ ಒಳಗೇ ಬಿಳಿ ಪೈಂಟಿನಲ್ಲಿ ಚೌಕ ಬರೆದಿರ್ತಾರೆ. ಆ ಚೌಕ ನನಗೆ ತುಂಬ ಇಷ್ಟ ಆದದ್ದು, ಸ್ಕೂಟರಿನವ್ರಿಗೆ ರಸ್ತೆಯಲ್ಲಿ ತಮ್ಮದು ಅಂತ ಒಂದು ಜಾಗ ಸಿಗ್ತದೆ, ಲಾರಿಯವ್ನಿಗೆ ಅಲ್ಲಿ ಸ್ಕೂಟರ್ ಇರ್ತದೆ ಅಂತ ದೂರದಿಂದಲೇ ಗೊತ್ತಾಗ್ತದೆ. ಅಮೆರಿಕದ ಮಿಶಿಗನ್‌ನವ್ರು 1960ರ ದಶಕದಿಂದ ದೊಡ್ಡ ರಸ್ತೆಗಳಲ್ಲಿ ಕಷ್ಟದ ತಿರುವನ್ನೇ ಬಂದ್ ಮಾಡಿ, ನೇರ ಮುಂದೆ ಹೋಗಿ ಡಿವೈಡರಲ್ಲಿ ಯೂ ಟರ್ನ್ ಹೊಡೆದು ವಾಪಸ್ ಬಂದು ಸುಲಭದ ಬದಿಗೆ ತಿರುಗಿ ಅಂತ ಮಾಡಿದ್ದಾರೆ. ನಮ್ಮಲ್ಲಿ ರೈಟ್ ಬಂದ್ ಮಾಡಿ ಮುಂದೆ ಯೂ ಟರ್ನ್ ತೆಗೊಳ್ಳಿ ಅಂದಾಗ ಎಲ್ರೂ ಪೊಲೀಸರಿಗೆ ಬೈತಾರೆ, ಆದ್ರೆ ಅದು ತಲೆಯಿಲ್ಲದ ಐಡಿಯಾ ಅಲ್ಲ, ಯೂ ಟರ್ನ್ ಹೊಡಿಲಿಕ್ಕೆ ಸಾಕಷ್ಟು ಅಗಲದ ಜಾಗವೂ ಮೊದ್ಲೇ ಕಾಣುವ ಬೋರ್ಡೂ ಇದ್ರೆ ಅದು ಒಳ್ಳೆಯ ಏರ್ಪಾಡೇ.

ಹಾಗಂತ ನಾಳೆಯಿಂದ ನಂತೂರಲ್ಲಿ ಹುಕ್ ಟರ್ನ್ ಮಾಡ್ಲಿಕ್ಕೆ ಹೋಗ್ಬೇಡಿ ದಯವಿಟ್ಟು. ನಮ್ಮ ರೂಲಿನಲ್ಲಿ ಅದು ಇಲ್ಲ, ನೀವು ಮೂಲೆಯಲ್ಲಿ ಯಾಕೆ ನಿಂತದ್ದು ಅಂತ ಬಿಕರ್ನಕಟ್ಟೆ ಕಡೆಯಿಂದ ಬರುವವ್ನಿಗೆ ಗೊತ್ತಾಗುದಿಲ್ಲ, ಮೇಲೆ ಹೇಳಿದ ಎಲ್ಲ ಲಾಭವೂ ಅದು ಗೊತ್ತಿದ್ರೆ ಮಾತ್ರ. ಈಗ ಇರುವ ರೂಲಿನೊಳಗೇ ಮಾಡ್ಲಿಕ್ಕೆ ಆಗುದು ನನ್ನ ಅತ್ತೆ ಮಾಡುವ ಕ್ರಮ. ಅವ್ರಿಗೆ ವಯಸ್ಸಾಯ್ತು, ಸ್ಕೂಟಿಯಲ್ಲಿ ಮಾರ್ಕೆಟ್ಟಿಗೂ ದೇವಸ್ಥಾನಕ್ಕೂ ಒಬ್ರೇ ಹೋಗ್ತಾರೆ, ದೊಡ್ಡ ಜಂಕ್ಷನಿನಲ್ಲಿ ಬಲಕ್ಕೆ ತಿರುಗುದೇ ಇಲ್ಲ. ಎಡಕ್ಕೆ ತಿರುಗಿ, ಸ್ವಲ್ಪ ಮುಂದೆ ಹೋಗಿ, ಯೂ ಟರ್ನ್ ಬಿಡುವ ಕಡೆ ಎರಡೂ ಬದಿ ನೋಡಿ ತಿರುಗಿಸಿ, ವಾಪಸ್ ಬಂದು ಜಂಕ್ಷನನ್ನು ನೇರ ದಾಟ್ತಾರೆ. ಕೆಪಿಟಿಯಿಂದ ಮಲ್ಲಿಕಟ್ಟೆಗೆ ಅಂದ್ರೆ ಬಿಕರ್ನಕಟ್ಟೆ ಕಡೆ ಎಡಕ್ಕೆ ಹೋಗಿ ತಿರುಗಿ ಬಂದ್ರೆ ಮಲ್ಲಿಕಟ್ಟೆ ಎದುರಿಗೇ ಸಿಕ್ತದೆ. ಬ್ಯಾರಿಕೇಡ್ ಎಲ್ಲಿ ಇಟ್ಟಿದ್ದಾರೆ ನೋಡಿಕೊಂಡು ಹೋಗ್ಬೇಕು, ಯೂ ಟರ್ನ್ ಇಲ್ಲ ಅಂತ ಬೋರ್ಡ್ ಇದ್ರೆ ಅಥವಾ ಗಾಡಿ ಬಿಡದೆ ಬರ್ತಾ ಇದ್ರೆ ಇನ್ನೂ ಮುಂದೆ ಹೋಗ್ಬೇಕು. ಮನೆಯಲ್ಲಿ ಕೆಲವ್ರು ಅತ್ತೆಯದ್ದು ಪುಕ್ಕಲು ಅಂತಾರೆ, ನಾನು ಒಪ್ಪುದಿಲ್ಲ. ಯುಪಿಎಸ್ ಅಂತ ಅಮೆರಿಕದ ದೊಡ್ಡ ಪಾರ್ಸೆಲ್ ಕಂಪೆನಿ ಉಂಟಲ್ಲ, ಅವ್ರೂ ತಮ್ಮ ಗಾಡಿಗಳಿಗೆ ದಾರಿ ಹಾಕಿಕೊಡುವಾಗ ಎದುರಿನ ಟ್ರಾಫಿಕನ್ನು ದಾಟುವ ತಿರುವನ್ನು ಆದಷ್ಟು ತಪ್ಪಿಸ್ತಾರೆ, ಕಾಯುವ ಸಮಯ ಉಳಿತದೆ, ಪೆಟ್ರೋಲ್ ಉಳಿತದೆ, ಆಕ್ಸಿಡೆಂಟ್ ಕಮ್ಮಿ ಅಂತ. ಅತ್ತೆ ಯಾರೂ ಹೇಳಿಕೊಡದೆ ಅದನ್ನೇ ಕಂಡುಕೊಂಡದ್ದು.

ಸೈಕಲಿನ ಮಕ್ಕಳಿಗೆ ಇದಕ್ಕಿಂತಲೂ ಸುಲಭ, ಇಳಿದು ಜೀಬ್ರಾ ಕ್ರಾಸಿನಲ್ಲಿ ತಳ್ಳಿಕೊಂಡು ಎರಡು ಸಲ ದಾಟುದು. ಆಸ್ಟ್ರೇಲಿಯಾದಲ್ಲಿ ಸೈಕಲಿನವ್ರು ಬೇಡ ಅಂತ ಬೋರ್ಡ್ ಇಲ್ಲದ ಯಾವ ಜಂಕ್ಷನಿನಲ್ಲೂ ಹುಕ್ ಟರ್ನ್ ಮಾಡ್ಬಹುದು, ಟ್ರಾಮ್ ಇರ್ಬೇಕು ಅಂತಲೇ ಇಲ್ಲ. ಆ ರೂಲು ಇಲ್ಲಿಗೂ ಬಂದ್ರೆ ನಾನು ಮೊದ್ಲು ಸಂತೋಷಪಡುವವ್ನು.

ನನ್ನನ್ನು ಕೇಳಿದ್ರೆ ಜಪಾನಿನ ಹಾಗೆ ಎರಡು ಹಂತದ ಬಲ ತಿರುವನ್ನು ಸ್ಕೂಟರಿಗೆ ಮಾತ್ರ, ಒಂದು ಜಾಗದಲ್ಲಾದ್ರೂ ಮಾಡಿ ನೋಡ್ಬೇಕು, ಅದಕ್ಕೆ ಉಡುಪಿಯ ಕಲ್ಸಂಕ ಜಂಕ್ಷನ್ ಸರಿ. ಅಲ್ಲಿ ಸಿಟಿ ಬಸ್ಸುಗಳೆಲ್ಲ ಮಣಿಪಾಲಕ್ಕೆ ನೇರ ಹೋಗುವವು, ಟೂರಿಸ್ಟ್ ಬಸ್ಸುಗಳು ಕೃಷ್ಣ ಮಠದ ಪಾರ್ಕಿಂಗಿಗೆ ತಿರುಗುವವು, ಗುಂಡಿಬೈಲು ಕಡೆಯಿಂದ ಬರುವವ್ರು ಬೇರೆ, ಈ ಮೂರರ ನಡುವೆ ಬಲಕ್ಕೆ ಹೋಗ್ಬೇಕಾದ ಸ್ಕೂಟರುಗಳು ರಸ್ತೆಯ ನಡುವೆ ಗುಂಪಾಗಿ ನಿಂತು ಹಿಂದಿನ ಬಸ್ಸನ್ನೂ ನಿಲ್ಲಿಸ್ತಾವೆ. ಮೆಲ್ಬರ್ನಿನ ಟ್ರಾಮಿನ ಕಷ್ಟವೇ ಇಲ್ಲಿ ಬಸ್ಸಿನದ್ದು. ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪೂಜೆಯ ಅಧಿಕಾರ ಬದಲಾಗುವ ಪರ್ಯಾಯದ ಹೊತ್ತಿಗೆ ಅಲ್ಲಿ ಹೇಗಿರ್ತದೆ ಅಂತ ಉಡುಪಿಯವ್ರಿಗೆ ನಾನು ಹೇಳ್ಬೇಕಾಗಿಲ್ಲ. ಮಾಡುದಾದ್ರೆ ಪೂರ್ತಿ ಮಾಡ್ಬೇಕು, ಮೂಲೆಯಲ್ಲಿ ಚೌಕ, ಜಂಕ್ಷನ್ ಬರುವ ಮೊದ್ಲೇ ಚಿತ್ರ ಇರುವ ದೊಡ್ಡ ಕನ್ನಡ ಬೋರ್ಡ್, ದಿನದ ಹೊತ್ತು ಸರಿಯಾಗಿ ನಡೆಯುವ ಸಿಗ್ನಲ್, ಮೊದಲ ಕೆಲವು ವಾರ ನಿಂತು ಹೇಳಿಕೊಡ್ಲಿಕ್ಕೆ ಪೊಲೀಸ್ರು. ಪೈಂಟ್ ಜಾರದ ಜಾತಿಯದ್ದೇ ಆಗ್ಬೇಕು, ಒದ್ದೆಯಾದ ಸಾದಾ ಪೈಂಟಿನ ಮೇಲೆ ಸ್ಕೂಟರಿನವ್ರು ಬ್ರೇಕ್ ಹಿಡಿದ್ರೆ ಚಕ್ರ ಜಾರ್ತದೆ, ಮತ್ತೆ ನಮ್ಮ ಮಳೆಗೆ ಬೇಸಿಗೆಯಲ್ಲಿ ಬರೆದ ಗೆರೆ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಕಾಣುದಿಲ್ಲ, ಹಾಗಾಗಿ ಮಳೆ ಬಿಟ್ಟ ಮೇಲೆ ಪ್ರತಿ ವರ್ಷ ಇನ್ನೊಮ್ಮೆ ಬರೆಯುವ ದುಡ್ಡನ್ನೂ ಮೊದ್ಲೇ ತೆಗೆದಿಡ್ಬೇಕು.