ಭಟ್ಟರು, ಜಲ್ಲಿ ಮತ್ತು ಎರಡೇ ಸೀಟಿನ ಕಾರು

ಡಿಸೆಂಬರ್ ಕೊನೆಯ ವಾರ. ಬದಿಯಡ್ಕದ ನಮ್ಮ ಮನೆಯಲ್ಲಿ ಗಣಹೋಮ. ಬೆಳಗ್ಗೆ ಆರಕ್ಕೆ ಪೆರ್ಲದಿಂದ ಭಟ್ಟರ ಫೋನು. ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ, ಯಾರಾದ್ರೂ ಬನ್ನಿ. ಅಪ್ಪನ ಜೀಪು ಬಾಳೆಲೆ ತರಲು ಹೋಗಿತ್ತು. ಅಂಗಳದಲ್ಲಿ ಉಳಿದದ್ದು ಬೆಂಗಳೂರಿನಿಂದ ಬಂದ ಭಾವನ ಕಾರು. ಸೆಕೆಂಡ್ ಹ್ಯಾಂಡ್ ಮರ್ಸಿಡೀಸ್ ಎಸ್‌ಎಲ್‌ಕೆ. ಗುಂಡಿ ಒತ್ತಿದರೆ ಮಾಡು ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತದೆ. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಗೇಣೂ ಇಲ್ಲ.

"ನೀನೇ ಓಡಿಸು, ಆಸೆ ತೀರಲಿ" ಎಂದು ಭಾವ ಪಕ್ಕದಲ್ಲಿ ಕೂತರು. ಇರುವುದು ಎರಡೇ ಸೀಟು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಚೆರ್ಕಳ-ಕಲ್ಲಡ್ಕ ರಸ್ತೆ. ಉಕ್ಕಿನಡ್ಕ ದಾಟುವವರೆಗೆ ಸುಖ. ಆಮೇಲೆ ತೇಪೆ ಕೆಲಸ. ಡಾಮರು ಸುರಿದು ಮೇಲೆ ಬೇಬಿ ಜಲ್ಲಿ ಹರಡಿದ್ದರು. ಅಂಟಿದ್ದು ಅಂಟಿತ್ತು, ಉಳಿದದ್ದು ಕಡಲೆ ಚೆಲ್ಲಿದ ಹಾಗೆ ಬಿದ್ದಿತ್ತು. ತಿರುವಿನಲ್ಲಿ ಸುಮ್ನೆ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರ ಓಡಿಸುವ ಕಾರು ಅದು. ಹಿಂಭಾಗ ಪಕ್ಕಕ್ಕೆ ಜಾರಿತು. ಹೆದರಿ ಬ್ರೇಕ್ ಮೆಟ್ಟಿದೆ. ಕಾಲಡಿಯಲ್ಲಿ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಗುಡುಗುಡು ಎಂದಿತು, ಕಾರು ಮಾತ್ರ ಹೋಗುತ್ತಲೇ ಇತ್ತು. ಗೇರು ಮರಕ್ಕೆ ಎರಡು ಮಾರು ಇರುವಾಗ ನಿಂತಿತು.

"ಜಲ್ಲಿಯಲ್ಲಿ ಬ್ರೇಕ್ ಅಲ್ಲ ಮಾರಾಯ, ಮೆಲ್ಲ ಕಾಲು ತೆಗೀಬೇಕು" ಎಂದರು ಭಾವ. ಚಕ್ರ ತಿರುಗದೆ ನಿಂತರೆ ಟೈರಿನ ಮುಂದೆ ಜಲ್ಲಿ ಗುಡ್ಡೆಯಾಗಿ ಕಾರನ್ನು ತಡೆಯುತ್ತದೆ. ಎಬಿಎಸ್ ಅದಕ್ಕೆ ಬಿಡುವುದಿಲ್ಲ, ಹಾಗಾಗಿ ನಿಲ್ಲಲು ಜಾಸ್ತಿ ದೂರ ಬೇಕು. ಆದರೆ ಸ್ಟಿಯರಿಂಗ್ ಮಾತು ಕೇಳುವುದೂ ಅದರಿಂದಲೇ.

ಭಾವ ಆರು ವರ್ಷ ಸ್ವೀಡನ್ನಿನಲ್ಲಿದ್ದವರು. ಅಲ್ಲಿ ಚಳಿಗಾಲದಲ್ಲಿ ಬೇಕೆಂದೇ ರಸ್ತೆಗೆ ಪುಡಿಜಲ್ಲಿ ಎರಚುತ್ತಾರೆ. ಚಳಿ ಮೈನಸ್ 10ರಿಂದ ಕೆಳಗಿಳಿದರೆ ಉಪ್ಪು ಹಾಕಿಯೂ ಹೆಚ್ಚು ಪ್ರಯೋಜನ ಇಲ್ಲ. ಜಲ್ಲಿಯಾದರೆ ಮಂಜುಗಡ್ಡೆಗೆ ಕಚ್ಚಿಕೊಂಡು ಟೈರಿಗೆ ಹಿಡಿತ ಕೊಡುತ್ತದೆ. "ಮೋಸ ಇರೋದು ಆಮೇಲೆ. ಮಂಜು ಕರಗ್ತದೆ, ಜಲ್ಲಿ ಉಳೀತದೆ. ಗುಡಿಸುವ ಮೊದಲೇ ಖುಷಿಯಲ್ಲಿ ಇಂಥ ಕಾರು ಹೊರಗೆ ತೆಗೆದರೆ ನಿನ್ನದೇ ಗತಿ." ನಮಗೆ ಮಂಜುಗಡ್ಡೆ ಇಲ್ಲದೆಯೇ ಆ ಭಾಗ್ಯ. 20 ಡಿಗ್ರಿಗೇ ಮಫ್ಲರ್ ಸುತ್ತುವ ಊರು ಇದು.

ಮತ್ತೆ ಹೊರಟೆ, 20ರ ವೇಗದಲ್ಲಿ. ಅಗಲ ಟೈರುಗಳು ಜಲ್ಲಿ ಎತ್ತಿ ಅಡಿಗೆ ಹೊಡೆಯುತ್ತಿದ್ದವು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಒಂದೊಂದು ಸದ್ದಿಗೂ ಭಾವನ ಮುಖ ಸಣ್ಣದಾಗುತ್ತಿತ್ತು. ಅಡಿಕೆ ಮೂಟೆ ಹೇರಿದ ಆಟೋವೊಂದು ಹಾರ್ನ್ ಹಾಕಿ ನಮ್ಮನ್ನು ದಾಟಿ ಹೋಯಿತು.

ಪೆರ್ಲದಲ್ಲಿ ಭಟ್ಟರು ಚೀಲ ಹಿಡಿದು ನಿಂತಿದ್ದರು. ಕಾರಿಗೆ ಒಂದು ಸುತ್ತು ಬಂದರು. "ನಾನು ಎಲ್ಲಿ ಕೂರುವುದು?"

ಭಾವ ಇಳಿದು ಬಸ್ ಸ್ಟಾಂಡಿನ ಕಡೆ ನಡೆದರು. ಭಟ್ಟರು ಮಂಡಿ ಹಿಡಿದುಕೊಂಡು, ಬಾವಿಗೆ ಇಳಿದ ಹಾಗೆ ಒಳಗಿಳಿದರು. "ಇಷ್ಟು ದುಡ್ಡು ಕೊಟ್ಟು ನೆಲದಲ್ಲಿ ಕೂರೋದಾ?"

ಅದೇ ತಿರುವು ಬಂತು. ಹಿಂದಿನಿಂದ ಬಸ್ಸು. ಜಲ್ಲಿ ಸಿಡಿಸುತ್ತಾ ದಾಟಿತು. ಮುಂದಿನ ಗಾಜಿಗೆ ಟಕ್ ಎಂದು ಒಂದು ಕಲ್ಲು, ಎಳ್ಳಿನಷ್ಟು ಗುರುತು. ಬಸ್ಸಿನ ಕಿಟಕಿಯಿಂದ ಒಂದು ಕೈ ಜೋರಾಗಿ ಬೀಸುತ್ತಿತ್ತು.

"ಅದು ನಿನ್ನ ಭಾವ ಅಲ್ವಾ?" ಎಂದರು ಭಟ್ಟರು.